ಸ್ಪ್ಯಾನಿಷ್ ಜಾಹೀರಾತು ಪದಗಳನ್ನು ಇಂಗ್ಲಿಷಿಗೆ ತರುವುದು ಹೇಗೆ? ಮೊದಲು ದೇಶ ಕೇಳಿ, ಆಮೇಲೆ ಪದ

ಸ್ಪ್ಯಾನಿಷ್ ಕಲಿತು ಅನುವಾದಕ್ಕೆ ಇಳಿದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. “ಸ್ಪ್ಯಾನಿಷಿನ ಬಿ2 ಹಂತದ ಪರೀಕ್ಷೆ ಮುಗಿದಿದೆ. ಏಜೆನ್ಸಿಯವರು ಮಾರ್ಕೆಟಿಂಗ್ ಫೈಲ್ ಕಳಿಸಿದ್ದಾರೆ, ಇಂಗ್ಲಿಷಿಗೆ ಮಾಡಬೇಕಂತೆ. ನಿಮ್ಮ ಹತ್ರ ಪದಪಟ್ಟಿ ಇದ್ರೆ ಕಳಿಸ್ತೀರಾ?”

ಪಟ್ಟಿ ಇದೆ. ಆದರೆ ಅದನ್ನು ಸುಮ್ನೆ ಕಳಿಸಿಬಿಟ್ಟರೆ ಉಪಕಾರಕ್ಕಿಂತ ತೊಂದರೆಯೇ ಜಾಸ್ತಿ. ‘ಕೊಮೆರ್ಸಿಯಾಲ್’ ಎಂಬ ಪದವನ್ನೇ ತೆಗೆದುಕೊಳ್ಳಿ. ಮ್ಯಾಡ್ರಿಡ್‌ನ ಕಂಪನಿಯ ಫೈಲಿನಲ್ಲಿ ಅದು ಮಾಲು ಮಾರುವ ಸೇಲ್ಸ್ ರೆಪ್. ಮೆಕ್ಸಿಕೋದ ಫೈಲಿನಲ್ಲಿ ಅದೇ ಪದ ಟಿವಿ ಜಾಹೀರಾತು. “ನಮ್ಮ ಹತ್ತು ಕೊಮೆರ್ಸಿಯಾಲೆಸ್” ಎಂದರೆ ಹತ್ತು ಜನವೋ, ಹತ್ತು ಜಾಹೀರಾತೋ? ಪಟ್ಟಿ ನೋಡಿದರೆ ಇದು ಗೊತ್ತಾಗುವುದಿಲ್ಲ.

ಹಾಗಾಗಿ ನಾನು ಕೆಲಸ ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಸ್ಪ್ಯಾನಿಷ್ ಪದಗಳನ್ನು ಲ್ಯಾಟಿನ್ ಅಮೆರಿಕದ ಉಚ್ಚಾರಣೆಗೆ ಹತ್ತಿರವಾಗಿ ಕೊಟ್ಟಿದ್ದೇನೆ. ‘ವ’ ಇರುವ ಕಡೆ ಬಾಯಲ್ಲಿ ‘ಬ’ ಬರುತ್ತದೆ. ಕಾಗುಣಿತದ ಗುರುತು ಸಿಗಲಿ ಎಂದು ‘ವ’ ಉಳಿಸಿಕೊಂಡಿದ್ದೇನೆ.

ಶುರು ಮಾಡುವ ಮುಂಚೆ

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಸ್ಪೇನಿನ ಭಾಷಾ ಅಕಾಡೆಮಿಯ ನಿಘಂಟು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಐರೋಪ್ಯ ಒಕ್ಕೂಟದ ಪದಕೋಶ ‘ಐಯೇಟ್’ ಕೂಡ ಉಚಿತ, ಕಾನೂನಿನ ಪದಗಳಿಗೆ ಅದನ್ನೇ ಮೊದಲು ನೋಡಿ. ‘ಫುಂದೇಯು’ ಎಂಬ ಸಂಸ್ಥೆ ಸ್ಪ್ಯಾನಿಷಿಗೆ ನುಗ್ಗಿದ ಇಂಗ್ಲಿಷ್ ಪದಗಳಿಗೆ ಸ್ಪ್ಯಾನಿಷ್ ಬದಲಿ ಸೂಚಿಸುತ್ತದೆ. ನಾವು ಅದನ್ನು ಹಿಂದುಮುಂದಾಗಿ ಓದಬಹುದು. ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಅದೇ ವಿಷಯದ ಬಗ್ಗೆ ಮೊದಲಿನಿಂದ ಇಂಗ್ಲಿಷಿನಲ್ಲೇ ಬರೆದ ಬರಹ. ಬಿಸ್ಕತ್ ಕಂಪನಿಯ ಫೈಲ್ ಬಂದಿದ್ದರೆ ಬ್ರಿಟನ್ನಿನ ಬಿಸ್ಕತ್ ಕಂಪನಿಯೊಂದರ ವಾರ್ಷಿಕ ವರದಿ ತೆರೆದು ಅರ್ಧ ಗಂಟೆ ಓದಿ.

ಒಂದು ಎಚ್ಚರಿಕೆ. ಇನ್ನೂ ಮಾರುಕಟ್ಟೆಗೆ ಬರದ ಮಾಲಿನ ಪ್ರಚಾರದ ಫೈಲನ್ನು ಉಚಿತ ಯಂತ್ರ ಅನುವಾದದ ಪುಟಕ್ಕೆ ಅಂಟಿಸಬೇಡಿ. ಗುಟ್ಟು ಕಾಯುತ್ತೇನೆಂದು ನೀವು ಸಹಿ ಹಾಕಿರುತ್ತೀರಿ, ಅಲ್ವಾ?

1. ಎರಡೂ ಕಡೆಯ ದೇಶ ಕೇಳಿ

ಏಜೆನ್ಸಿಗೆ ಬರೆಯುವ ಮೊದಲ ಮೇಲಿನಲ್ಲಿ ಎರಡು ಪ್ರಶ್ನೆ ಇರಲಿ. ಇದು ಯಾವ ದೇಶದ ಸ್ಪ್ಯಾನಿಷ್? ಇಂಗ್ಲಿಷ್ ಓದುವವರು ಯಾವ ದೇಶದವರು?

ಉತ್ತರ ಬರುವ ತನಕ ಫೈಲಿನಲ್ಲೇ ಸುಳಿವು ಹುಡುಕಿ. ಮಾರ್ಕೆಟಿಂಗ್‌ಗೆ ‘ಮೆರ್ಕಾದೊತೆಕ್ನಿಯಾ’ ಎಂದಿದ್ದರೆ ಅದು ಬಹುತೇಕ ಮೆಕ್ಸಿಕೋ. ‘ಮೆರ್ಕಾದೇಯೊ’ ಎಂದಿದ್ದರೆ ಕೊಲಂಬಿಯಾ, ವೆನೆಜುವೆಲಾ ಅಥವಾ ಮಧ್ಯ ಅಮೆರಿಕ. ‘ಮಾರ್ಕೆಟಿಂಗ್’ ಎಂದೇ ಇದ್ದರೆ ಸ್ಪೇನ್ ಆಗಿರಬಹುದು, ಆದರೆ ಖಾತ್ರಿಯಿಲ್ಲ. ಜಾಹೀರಾತಿಗೆ ‘ಅವಿಸೊ’ ಎಂದರೆ ಅರ್ಜೆಂಟೀನಾ, ಚಿಲಿ ಕಡೆಯ ವಾಸನೆ. ಸ್ಪೇನಿನಲ್ಲಿ ಅವಿಸೊ ಎಂದರೆ ಬರಿಯ ಸೂಚನೆ. ಮಾರ್ಕೆಟ್ ಶೇರ್‌ಗೆ ಸ್ಪೇನಿನವರು ‘ಕುವೋತಾ ದೆ ಮೆರ್ಕಾದೊ’ ಎನ್ನುತ್ತಾರೆ, ಲ್ಯಾಟಿನ್ ಅಮೆರಿಕದವರು ‘ಪಾರ್ತಿಸಿಪಾಸಿಯೋನ್ ದೆ ಮೆರ್ಕಾದೊ’ ಎನ್ನುತ್ತಾರೆ.

ಇಂಗ್ಲಿಷಿನ ಕಡೆ ನಮ್ಮವರು ಎಡವುವುದು ಬೇರೆ ಕಲ್ಲಿಗೆ. ಬ್ರಿಟಿಷ್, ಅಮೆರಿಕನ್ ಎರಡೇ ಇಂಗ್ಲಿಷ್ ಎಂದುಕೊಂಡು ಮೂರನೆಯದನ್ನು ಬರೆದುಬಿಡುತ್ತೇವೆ, ನಮ್ಮ ಊರಿನದ್ದು. ಅಂಗಡಿಯ ರಿಯಾಯಿತಿಗೆ ನಾವು ‘ಸ್ಕೀಮ್’ ಎನ್ನುತ್ತೇವೆ. ಅಮೆರಿಕದವರ ಕಿವಿಗೆ ಅದು ಏನೋ ಮೋಸದ ಹೂಟದ ಹಾಗೆ ಕೇಳುತ್ತದೆ. ನಮ್ಮ ‘ಗಿಫ್ಟ್ ಹ್ಯಾಂಪರ್’ ಅಲ್ಲಿ ‘ಗಿಫ್ಟ್ ಬಾಸ್ಕೆಟ್’. ಬರಿಯ ‘ಹ್ಯಾಂಪರ್’ ಎಂದರೆ ಒಗೆಯುವ ಬಟ್ಟೆ ಹಾಕುವ ಬುಟ್ಟಿ. ‘ಹೋರ್ಡಿಂಗ್’ ಬ್ರಿಟನ್ನಿನಲ್ಲಿ ನಡೆಯುತ್ತದೆ, ಅಮೆರಿಕಕ್ಕೆ ‘ಬಿಲ್‌ಬೋರ್ಡ್’ ಬೇಕು. ನಮ್ಮ ‘ಪಾಂಪ್ಲೆಟ್’ ಎರಡೂ ಕಡೆ ‘ಫ್ಲೈಯರ್’ ಅಥವಾ ‘ಲೀಫ್ಲೆಟ್’ ಆಗಲಿ. ‘ಫ್ಲೆಕ್ಸ್’ ಅಂತೂ ಬೇಡವೇ ಬೇಡ.

2. ಫೈಲ್ ಯಾವ ಜಾತಿಯದು ನೋಡಿ

ಒಳಗಿನವರು ಓದುವ ಯೋಜನೆ ಅಥವಾ ವರದಿಯಾದರೆ ಪದ ಸರಿಯಿದ್ದರೆ ಸಾಕು, ಸೊಗಸು ಆಮೇಲೆ. ಸ್ಪರ್ಧೆಯ ನಿಯಮ, ಷರತ್ತುಗಳಾದರೆ ಪ್ರತಿ ಪದಕ್ಕೂ ಕಾನೂನಿನ ತೂಕವಿದೆ. ಜನ ಓದುವ ಜಾಹೀರಾತಾದರೆ ಪದಕ್ಕೆ ಪದ ಮರೆತುಬಿಡಿ. ಮೂರೂ ಒಂದೇ ಫೈಲಿನಲ್ಲಿ ಬರುವುದೂ ಉಂಟು. ಆಗ ಮೂರು ಬಣ್ಣ ಹಚ್ಚಿಕೊಳ್ಳಿ. ಘೋಷವಾಕ್ಯದ ಕೆಲಸಕ್ಕೆ ಪದದ ಲೆಕ್ಕದಲ್ಲಿ ಬಿಲ್ ಮಾಡಬೇಡಿ, ಗಂಟೆಯ ಲೆಕ್ಕ ಕೇಳಿ. ನಾಲ್ಕು ಪದಕ್ಕೆ ಅರ್ಧ ದಿನ ಹೋಗುತ್ತದೆ.

3. ಪರಿಚಯದ ಮುಖ ಹೊತ್ತ ಪದಗಳನ್ನು ಮೊದಲು ಹಿಡಿಯಿರಿ

ಗೊತ್ತಿಲ್ಲದ ಪದ ಕಂಡರೆ ನೀವು ಹೇಗೂ ನಿಘಂಟು ತೆರೆಯುತ್ತೀರಿ. ಇಂಗ್ಲಿಷಿನ ಹಾಗೇ ಕಾಣುವ ಪದ ಬಂದಾಗ ತೆರೆಯುವುದಿಲ್ಲ. ನಾನು ತಿದ್ದುವ ಕರಡುಗಳಲ್ಲಿ ಜಾಸ್ತಿ ಕೆಂಪು ಗೆರೆ ಬೀಳುವುದು ಇಲ್ಲೇ. ಅದಕ್ಕೇ ಈ ಹಂತಕ್ಕೆ ಸಮಯ ಕೊಡಿ.

‘ಪುಬ್ಲಿಸಿದಾದ್’ ಎಂದರೆ ಅಡ್ವರ್ಟೈಸಿಂಗ್. ಪಬ್ಲಿಸಿಟಿ ಅಲ್ಲ. ಇಂಗ್ಲಿಷಿನಲ್ಲಿ ಪಬ್ಲಿಸಿಟಿ ಎಂದರೆ ಪತ್ರಿಕೆ, ಟಿವಿಯಲ್ಲಿ ಜಾಗ ಕೊಳ್ಳದೆಯೇ ಸಿಗುವ ಪ್ರಚಾರ. ಸ್ಪೇನಿನ 1988ರ ಜಾಹೀರಾತು ಕಾನೂನಿನ ಹೆಸರು ‘ಲೇಯ್ ಹೆನೆರಾಲ್ ದೆ ಪುಬ್ಲಿಸಿದಾದ್’. ಇದನ್ನು ‘ಜನರಲ್ ಪಬ್ಲಿಸಿಟಿ ಲಾ’ ಎಂದವರನ್ನು ನೋಡಿದ್ದೇನೆ. ‘ಜನರಲ್ ಅಡ್ವರ್ಟೈಸಿಂಗ್ ಆ್ಯಕ್ಟ್’ ಎನ್ನಿ.

‘ಪ್ರೊಪಗಾಂದಾ’ ಲ್ಯಾಟಿನ್ ಅಮೆರಿಕದ ದಿನಬಳಕೆಯಲ್ಲಿ ಮಾಮೂಲಿ ಜಾಹೀರಾತೂ ಹೌದು. ಇಂಗ್ಲಿಷಿನ ಪ್ರೊಪಗಾಂಡಾಕ್ಕೆ ರಾಜಕೀಯದ ನಾತವಿದೆ. ಸೋಪಿನ ಜಾಹೀರಾತಿಗೆ ಆ ಪದ ಹಾಕಬೇಡಿ.

‘ನೊತೊರಿಯೆದಾದ್ ದೆ ಮಾರ್ಕಾ’ ಎಂದರೆ ಬ್ರ್ಯಾಂಡ್ ಅವೇರ್‌ನೆಸ್, ಅಂದರೆ ಎಷ್ಟು ಜನಕ್ಕೆ ಆ ಬ್ರ್ಯಾಂಡ್ ಗೊತ್ತು ಎಂಬುದು. ‘ನಟೋರೈಟಿ’ ಎಂದು ಬರೆದರೆ ಗಿರಾಕಿಯ ಬ್ರ್ಯಾಂಡ್ ಕುಖ್ಯಾತ ಎಂದಂತಾಯಿತು! ಇದರ ಜೊತೆಗೆ ಎರಡು ಮರಿಗಳಿವೆ. ‘ಎಸ್ಪೊಂತಾನೆಯಾ’ ಎಂದರೆ ಹೆಸರು ಹೇಳಿಕೊಡದೆ ಜನ ತಾವೇ ನೆನಪಿಸಿಕೊಂಡದ್ದು, ಇಂಗ್ಲಿಷಿನಲ್ಲಿ ಅನ್‌ಏಡೆಡ್ ಅವೇರ್‌ನೆಸ್. ‘ಸುಹೆರೀದಾ’ ಎಂದರೆ ಪಟ್ಟಿ ತೋರಿಸಿ ಕೇಳಿದಾಗ ಗುರುತಿಸಿದ್ದು, ಅದು ಏಡೆಡ್ ಅವೇರ್‌ನೆಸ್. ಬ್ರಿಟನ್ನಿನವರು ಇವಕ್ಕೆ ಸ್ಪಾಂಟೇನಿಯಸ್, ಪ್ರಾಂಪ್ಟೆಡ್ ಎನ್ನುತ್ತಾರೆ.

‘ಇಂಪಾಕ್ತೋಸ್’ ಪಕ್ಕದಲ್ಲಿ ದೊಡ್ಡ ಸಂಖ್ಯೆ ಇದ್ದರೆ ಅದು ಇಂಪ್ರೆಶನ್ಸ್, ಅಂದರೆ ಜಾಹೀರಾತು ಎಷ್ಟು ಸಲ ಕಣ್ಣಿಗೆ ಬಿತ್ತು ಎಂಬ ಲೆಕ್ಕ. ಅದೇ ಪದ ಏಕವಚನದಲ್ಲಿ ಮಾರಾಟದ ಮಾತಿನ ಜೊತೆ ಬಂದರೆ ಬರಿಯ ಪರಿಣಾಮ. ‘ಕೊಬೆರ್ತೂರಾ’ ಮಾಧ್ಯಮ ಯೋಜನೆಯಲ್ಲಿ ಬಂದರೆ ರೀಚ್, ಪತ್ರಿಕೆಯ ಸುದ್ದಿಯ ಬಗ್ಗೆ ಬಂದರೆ ಕವರೇಜ್. ಮಾಧ್ಯಮ ಯೋಜನೆಯಲ್ಲಿ ‘ಸೊಪೋರ್ತೆ’ ಎಂದರೆ ಸಪೋರ್ಟ್ ಅಲ್ಲ. ಟಿವಿ ಒಂದು ಮಾಧ್ಯಮ, ಅದರೊಳಗಿನ ಒಂದು ಚಾನೆಲ್ ಸೊಪೋರ್ತೆ. ಇಂಗ್ಲಿಷಿನ ಏಜೆನ್ಸಿಯವರು ಇದಕ್ಕೆ ‘ವೆಹಿಕಲ್’ ಎನ್ನುತ್ತಾರೆ.

‘ಮಾರ್ಕಾ ಬ್ಲಾಂಕಾ’ ಸ್ವಲ್ಪ ನಿಧಾನವಾಗಿ ನೋಡಬೇಕಾದ ಪದ. ಅಕ್ಷರಕ್ಕೆ ಬಿಳಿ ಬ್ರ್ಯಾಂಡ್. ಅರ್ಥ, ಅಂಗಡಿಯವರದ್ದೇ ಬ್ರ್ಯಾಂಡ್. ಸ್ಪೇನಿನ ಮೆರ್ಕಾದೋನಾ ಅಂಗಡಿಗಳಲ್ಲಿ ಸಿಗುವ ‘ಅಸೆಂದಾದೊ’ ಹೆಸರಿನ ಸಾಮಾನು ಇದಕ್ಕೆ ಒಳ್ಳೆಯ ಉದಾಹರಣೆ. ಬ್ರಿಟನ್ನಿಗೆ ‘ಓನ್ ಬ್ರ್ಯಾಂಡ್’, ಅಮೆರಿಕಕ್ಕೆ ‘ಸ್ಟೋರ್ ಬ್ರ್ಯಾಂಡ್’. ‘ವೈಟ್ ಲೇಬಲ್’ ಎಂದು ಬರೆಯುವ ಆಸೆಯಾಗುತ್ತದೆ, ಬರೆಯಬೇಡಿ. ಒಬ್ಬರು ತಯಾರಿಸಿದ್ದಕ್ಕೆ ಹಲವು ಕಂಪನಿಗಳು ತಮ್ಮ ತಮ್ಮ ಹೆಸರು ಅಂಟಿಸಿ ಮಾರುವ ಮಾಲು ಅದು.

‘ಗ್ರಾನ್ ಕೊನ್ಸೂಮೊ’ ಎಂದರೆ ಸೋಪು, ಹಾಲು, ಬಿಸ್ಕತ್ತಿನಂಥ ದಿನನಿತ್ಯದ ಸಾಮಾನು. ಬ್ರಿಟನ್ನಿಗೂ ಭಾರತಕ್ಕೂ ಎಫ್‌ಎಂಸಿಜಿ, ಅಮೆರಿಕಕ್ಕೆ ಸಿಪಿಜಿ. ‘ಫಾಕ್ತುರಾಸಿಯೋನ್’ ಕಂಪನಿಯ ಒಟ್ಟು ವಹಿವಾಟು. ಬ್ರಿಟನ್ನಿಗೆ ಟರ್ನೋವರ್, ಅಮೆರಿಕಕ್ಕೆ ರೆವೆನ್ಯೂ. ಜಾಹೀರಾತು ಏಜೆನ್ಸಿಯ ಬಗ್ಗೆ ಮಾತಾದರೆ ಮಾತ್ರ ‘ಬಿಲ್ಲಿಂಗ್ಸ್’ ಎಂಬುದೂ ಸರಿಯಾಗಬಹುದು. ಏಜೆನ್ಸಿಯ ಕೈಯಲ್ಲಿ ಹಾದುಹೋಗುವ ಗಿರಾಕಿಗಳ ದುಡ್ಡಿಗೆ ಆ ಪದ ಇದೆ.

‘ಪೊಸಿಸಿಯೊನಾಮಿಯೆಂತೊ’ ಬ್ರ್ಯಾಂಡಿನದ್ದಾದರೆ ಪೊಸಿಷನಿಂಗ್. ವೆಬ್‌ಸೈಟಿನದ್ದಾದರೆ ಗೂಗಲ್‌ನಂಥ ಹುಡುಕು ಯಂತ್ರದಲ್ಲಿ ಮೇಲೆ ಬರುವುದು, ಅಂದರೆ ಎಸ್‌ಇಒ. ಇನ್ನು ‘ಅಪೊಸ್ತಾರ್ ಪೊರ್’ ಎಂಬ ಕ್ರಿಯಾಪದ ಸ್ಪ್ಯಾನಿಷ್ ಕಂಪನಿಗಳಿಗೆ ಬಲು ಪ್ರೀತಿ. ಅಕ್ಷರಕ್ಕೆ ಜೂಜು ಕಟ್ಟುವುದು. ಅವರು ಹೇಳುವುದು ಒಂದು ದಾರಿಯನ್ನು ನೆಚ್ಚಿ ದುಡ್ಡು, ಶ್ರಮ ಹಾಕುತ್ತೇವೆ ಎಂದು. ‘ಕಮಿಟೆಡ್ ಟು’ ಸಾಕು. ‘ಬೆಟ್’ ಬಂದರೆ ಷೇರುದಾರರು ಬೆವರುತ್ತಾರೆ.

4. ಸ್ಪ್ಯಾನಿಷಿನೊಳಗಿನ ಇಂಗ್ಲಿಷನ್ನು ನಂಬಬೇಡಿ

ಸ್ಪೇನಿನ ಏಜೆನ್ಸಿಗಳ ಬರಹದಲ್ಲಿ ಇಂಗ್ಲಿಷ್ ಪದಗಳು ಧಾರಾಳ. “ಇದು ಹೇಗೂ ಇಂಗ್ಲಿಷ್, ಹಾಗೇ ಬಿಡೋಣ” ಎನಿಸುತ್ತದೆ. ಆದರೆ ಆ ಪದಗಳು ಅಲ್ಲಿಗೆ ಹೋಗಿ ಬೇರೆ ಅರ್ಥ ಕಲಿತಿರುತ್ತವೆ. ನಮ್ಮಲ್ಲಿ ‘ಬ್ಯಾಚುಲರ್ ಡಿಗ್ರಿ ಆಯ್ತು’ ಅನ್ನುವ ಕಡೆ ‘ಗ್ರಾಜುಯೇಷನ್ ಆಯ್ತು’ ಅನ್ನುತ್ತೇವಲ್ಲ, ಹಾಗೆ.

ಗಿರಾಕಿ ಏಜೆನ್ಸಿಗೆ ಕೊಡುವ ಬೇಡಿಕೆಯ ಕಾಗದಕ್ಕೆ ಅವರು ‘ಬ್ರೀಫಿಂಗ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಬ್ರೀಫ್’. ಬ್ರೀಫಿಂಗ್ ಎಂದರೆ ಕೂರಿಸಿಕೊಂಡು ವಿವರ ಹೇಳುವ ಸಭೆ. ‘ಕಮ್ಯುನಿಟಿ ಮ್ಯಾನೇಜರ್’ ಎಂದರೆ ಸಾಮಾನ್ಯವಾಗಿ ನಮ್ಮ ಸೋಷಿಯಲ್ ಮೀಡಿಯಾ ಮ್ಯಾನೇಜರ್. ‘ಮೇಲಿಂಗ್’ ಎಂದರೆ ಸಾವಿರಾರು ಜನರಿಗೆ ಒಟ್ಟಿಗೆ ಕಳಿಸುವ ಪತ್ರ ಅಥವಾ ಇಮೇಲ್, ಅದಕ್ಕೆ ‘ಡೈರೆಕ್ಟ್ ಮೇಲ್’ ಅಥವಾ ‘ಇಮೇಲ್ ಕ್ಯಾಂಪೇನ್’. ‘ಝ್ಯಾಪಿಂಗ್’ ಎಂದರೆ ರಿಮೋಟ್ ಒತ್ತುತ್ತಾ ಚಾನೆಲ್ ಬದಲಿಸುವುದು, ಅಮೆರಿಕಕ್ಕೆ ‘ಚಾನೆಲ್ ಸರ್ಫಿಂಗ್’. ‘ಉನ್ ಕಾಪಿ’ ಎಂದರೆ ಕೆಲವು ಕಡೆ ಬರಹ, ಕೆಲವು ಕಡೆ ಬರೆಯುವ ಮನುಷ್ಯ. ಮನುಷ್ಯನಾದರೆ ‘ಕಾಪಿರೈಟರ್’.

ಇವುಗಳಲ್ಲಿ ನಿಜವಾಗಿ ಅಪಾಯದ್ದು ‘ಕ್ಲೇಮ್’. ಸ್ಪೇನಿನಲ್ಲಿ ಅದು ಬ್ರ್ಯಾಂಡಿನ ಘೋಷವಾಕ್ಯ, ಅಂದರೆ ಟ್ಯಾಗ್‌ಲೈನ್. ಇಂಗ್ಲಿಷಿನಲ್ಲಿ ಕ್ಲೇಮ್ ಎಂದರೆ ಮಾಲಿನ ಬಗ್ಗೆ ಮಾಡುವ ಹೇಳಿಕೆ, ಅದಕ್ಕೆ ಪುರಾವೆ ಇಟ್ಟುಕೊಂಡಿರಬೇಕು. “ನಮ್ಮ ಹೊಸ ಕ್ಲೇಮ್ ಭಾವನೆಯನ್ನು ಮುಟ್ಟುತ್ತದೆ” ಎಂದು ಅನುವಾದಿಸಿದರೆ ಗಿರಾಕಿಯ ವಕೀಲರು ಬೆಚ್ಚಿಬೀಳುತ್ತಾರೆ.

5. ಬೀದಿ ಮತ್ತು ಅಂಗಡಿಯ ಪದಗಳು

ಇವು ಕಷ್ಟವಲ್ಲ. ಚಿತ್ರ ಹುಡುಕಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತದೆ. ‘ವಾಯಾ’ ಎಂದರೆ ಬಿಲ್‌ಬೋರ್ಡ್, ಮೆಕ್ಸಿಕೋದಲ್ಲಿ ಅದೇ ‘ಎಸ್ಪೆಕ್ತಾಕುಲಾರ್’. ‘ಕಾರ್ತೆಲ್’ ಎಂದರೆ ಪೋಸ್ಟರ್, ಮಾದಕವಸ್ತುವಿನ ಗ್ಯಾಂಗ್ ಅಲ್ಲ. ‘ಮಾರ್ಕೆಸೀನಾ’ ಎಂದರೆ ಸ್ಪೇನಿನಲ್ಲಿ ಬಸ್ ತಂಗುದಾಣ, ‘ಮಾರ್ಕೀ’ ಅಲ್ಲ. ‘ಮೂಪಿ’ ಎಂದರೆ ಫುಟ್‌ಪಾತಿನಲ್ಲಿ ನಿಲ್ಲಿಸಿದ ಜಾಹೀರಾತು ಫಲಕ. ‘ಕುನ್ಯಾ’ ರೇಡಿಯೋ ಜಾಹೀರಾತು. ಮನೆ ಮನೆಯ ಅಂಚೆಪೆಟ್ಟಿಗೆಗೆ ಕಾಗದ ಹಾಕುವ ‘ಬುಸೊನೇಯೊ’ಗೆ ‘ಲೀಫ್ಲೆಟ್ ಡ್ರಾಪ್’. ಅಂಗಡಿಯ ಕಪಾಟುಸಾಲಿನ ತುದಿ, ಅಂದರೆ ‘ಕಾಬೆಸೇರಾ ದೆ ಗೊಂದೊಲಾ’, ಅಮೆರಿಕದಲ್ಲಿ ‘ಎಂಡ್ ಕ್ಯಾಪ್’, ಬ್ರಿಟನ್ನಿನಲ್ಲಿ ‘ಗೊಂಡೊಲಾ ಎಂಡ್’. ಅಂಗಡಿಯ ಗಾಜಿನ ಪ್ರದರ್ಶನ ಜೋಡಿಸುವ ಕಲೆ ‘ಎಸ್ಕಾಪಾರಾತಿಸ್ಮೊ’. ಅದಕ್ಕೆ ‘ವಿಂಡೋ ಡಿಸ್‌ಪ್ಲೇ’ ಎನ್ನಿ. ‘ವಿಂಡೋ ಡ್ರೆಸಿಂಗ್’ ತಪ್ಪಲ್ಲ, ಆದರೆ ಕಂಪನಿಯ ವರದಿಯಲ್ಲಿ ಬಂದರೆ ಲೆಕ್ಕಕ್ಕೆ ಬಣ್ಣ ಬಳಿಯುವುದು ಎಂದೂ ಓದಿಕೊಳ್ಳುತ್ತಾರೆ.

6. ರಿಯಾಯಿತಿ, ಬಹುಮಾನ, ಸಣ್ಣಕ್ಷರ

‘3×2’ ಎಂದು ಸ್ಪ್ಯಾನಿಷ್ ಜಾಹೀರಾತಿನಲ್ಲಿದ್ದರೆ ಎರಡರ ಬೆಲೆಗೆ ಮೂರು. ಹಾಗೇ ಬಿಟ್ಟರೆ ಇಂಗ್ಲಿಷ್ ಓದುಗ ಅಳತೆ ಎಂದುಕೊಳ್ಳುತ್ತಾನೆ. ‘ತ್ರೀ ಫಾರ್ ಟೂ’ ಎಂದು ಬರೆಯಿರಿ. ‘ಸೆಗುಂದಾ ಉನಿದಾದ್ ಅಲ್ 70%’ ಬಂದರೆ ನಿಲ್ಲಿ. ಎರಡನೆಯದಕ್ಕೆ 70% ರಿಯಾಯಿತಿಯೋ, 70% ಬೆಲೆಯೋ? ಅಂಗಡಿಯವರ ಮನಸ್ಸಿನಲ್ಲಿ ಇರುವುದು ಸಾಮಾನ್ಯವಾಗಿ ಮೊದಲನೆಯದು. ಆದರೂ ಊಹಿಸಬೇಡಿ, ಕೇಳಿ. 50% ಇದ್ದಾಗ ಮಾತ್ರ ಈ ತಲೆನೋವಿಲ್ಲ.

‘ಆಸ್ತಾ ಅಗೊತಾರ್ ಎಕ್ಸಿಸ್ತೆನ್ಸಿಯಾಸ್’ ಎಂದರೆ ದಾಸ್ತಾನು ಮುಗಿಯುವವರೆಗೆ. ಬ್ರಿಟನ್ನಿಗೆ ‘ವೈಲ್ ಸ್ಟಾಕ್ಸ್ ಲಾಸ್ಟ್’, ಅಮೆರಿಕಕ್ಕೆ ‘ವೈಲ್ ಸಪ್ಲೈಸ್ ಲಾಸ್ಟ್’. ‘ರೆಲಾಸಿಯೋನ್ ಕಾಲಿದಾದ್-ಪ್ರೇಸಿಯೊ’ ಬಂದಾಗ ಗುಣಮಟ್ಟ ಮತ್ತು ಬೆಲೆಯ ಸಂಬಂಧ ಎಂದು ಉದ್ದ ಎಳೆಯಬೇಡಿ. ‘ವ್ಯಾಲ್ಯೂ ಫಾರ್ ಮನಿ’ ಅಷ್ಟೇ. ‘ಈವಾ’ ತೆರಿಗೆಗೆ ‘ವ್ಯಾಟ್’ ಎನ್ನಿ, ಅಭ್ಯಾಸಬಲದಿಂದ ಜಿಎಸ್‌ಟಿ ಎನ್ನಬೇಡಿ.

‘ಸೊರ್ತೇಯೊ’ ಎಂದರೆ ಅದೃಷ್ಟದ ಚೀಟಿ ಎತ್ತುವುದು. ಬ್ರಿಟನ್ನಿಗೆ ‘ಪ್ರೈಜ್ ಡ್ರಾ’, ಅಮೆರಿಕಕ್ಕೆ ‘ಸ್ವೀಪ್‌ಸ್ಟೇಕ್ಸ್’. ‘ಲಾಟರಿ’ ಎಂದರೆ ಕಾನೂನು ಬೇರೆಯಾಗುತ್ತದೆ. ‘ಕೊನ್ಕೂರ್ಸೊ’ ಜಾಣ್ಮೆಯ ಸ್ಪರ್ಧೆ, ಆದರೆ ‘ಪೂಬ್ಲಿಕೊ’ ಸೇರಿದರೆ ಸರ್ಕಾರದ ಟೆಂಡರ್. ‘ಬಾಸೆಸ್’ ಎಂದರೆ ಅದರ ನಿಯಮಗಳು, ‘ಬೇಸಸ್’ ಅಲ್ಲ. ‘ಪುಬ್ಲಿಸಿದಾದ್ ಎಂಗಾನ್ಯೋಸಾ’ ಯುರೋಪಿನ ಕಾನೂನಿನಲ್ಲಿ ‘ಮಿಸ್‌ಲೀಡಿಂಗ್ ಅಡ್ವರ್ಟೈಸಿಂಗ್’. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ‘ಮಿಸ್‌ಲೀಡಿಂಗ್’ ಪದವೇ ಇದೆ. ಅಮೆರಿಕದಲ್ಲಿ ‘ಡಿಸೆಪ್ಟಿವ್’ ಎನ್ನುವುದು ರೂಢಿ.

7. ಸಂಖ್ಯೆ, ಕ್ಯಾಲೆಂಡರ್, ಸಂಕ್ಷೇಪ

ಇಲ್ಲಿ ಆಗುವ ತಪ್ಪಿಗೆ ದುಡ್ಡಿನ ಲೆಕ್ಕದಲ್ಲೇ ಬೆಲೆ ತೆರಬೇಕು. ಸ್ಪ್ಯಾನಿಷಿನ ‘ಬಿಯೋನ್’ ಇಂಗ್ಲಿಷಿನ ಬಿಲಿಯನ್ ಅಲ್ಲ, ಟ್ರಿಲಿಯನ್. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ. ಇಂಗ್ಲಿಷಿನ ಬಿಲಿಯನ್, ಅಂದರೆ ನೂರು ಕೋಟಿ, ಸ್ಪ್ಯಾನಿಷಿನಲ್ಲಿ ‘ಮಿಲ್ ಮಿಯೋನೆಸ್’. ಅಮೆರಿಕದಲ್ಲೇ ಇರುವ ಸ್ಪ್ಯಾನಿಷ್ ಮಾತಿನವರು ಮಾತ್ರ ಕೆಲವೊಮ್ಮೆ ಇಂಗ್ಲಿಷ್ ಲೆಕ್ಕದಲ್ಲೇ ಬಿಯೋನ್ ಎನ್ನುವುದುಂಟು. ದೊಡ್ಡ ಸಂಖ್ಯೆ ಬಂದಾಗ ನಾನು ಕೋಟಿಗೆ ಬದಲಿಸಿ, ಅಲ್ಲಿಂದ ಇಂಗ್ಲಿಷಿಗೆ ಹೋಗುತ್ತೇನೆ. ಸೊನ್ನೆ ತಪ್ಪುವುದಿಲ್ಲ.

ಚುಕ್ಕಿ ಮತ್ತು ಅಲ್ಪವಿರಾಮ ಇನ್ನೊಂದು ಗುಂಡಿ. ಸ್ಪೇನ್, ಅರ್ಜೆಂಟೀನಾಗಳಲ್ಲಿ 1.500 ಎಂದರೆ ಸಾವಿರದ ಐನೂರು. ಮೆಕ್ಸಿಕೋದಲ್ಲಿ ಅದು ಒಂದೂವರೆ. ಡಾಲರ್ ಗುರುತು ಕಂಡ ತಕ್ಷಣ ಡಾಲರ್ ಎನ್ನಬೇಡಿ. ಮೆಕ್ಸಿಕೋ, ಅರ್ಜೆಂಟೀನಾ, ಚಿಲಿ, ಕೊಲಂಬಿಯಾಗಳ ಪೆಸೊಗೂ ಅದೇ ಗುರುತು.

‘ತ್ರಿಮೆಸ್ತ್ರೆ’ ಮೂರು ತಿಂಗಳು, ಅದೇ ಕ್ವಾರ್ಟರ್. ‘ಕುವಾತ್ರಿಮೆಸ್ತ್ರೆ’ ನಾಲ್ಕು ತಿಂಗಳು. ಕಿವಿಗೆ ಕ್ವಾರ್ಟರ್ ಹಾಗೆ ಕೇಳುವುದರಿಂದ ಪ್ರತಿ ವರ್ಷ ಯಾರಾದರೂ ಇದರಲ್ಲಿ ಬೀಳುತ್ತಾರೆ. ‘ಸೆಮೆಸ್ತ್ರೆ’ ಆರು ತಿಂಗಳು, ವರದಿಯಲ್ಲಿ ‘ಫಸ್ಟ್ ಹಾಫ್’ ಎನ್ನಿ. ‘ಓಚೊ ದಿಯಾಸ್’, ಅಂದರೆ ಎಂಟು ದಿನ, ಮಾತಿನಲ್ಲಿ ಒಂದು ವಾರ.

ಹಬ್ಬದ ಮಾರಾಟಕ್ಕೂ ಅಲ್ಲಿನ ಕ್ಯಾಲೆಂಡರ್ ಬೇಕು. ಸ್ಪೇನಿನಲ್ಲಿ ಮಕ್ಕಳಿಗೆ ಉಡುಗೊರೆ ಕೊಡುವ ದೊಡ್ಡ ದಿನ ಜನವರಿ 6. ಹಾಗಾಗಿ ಕ್ರಿಸ್‌ಮಸ್ ಪ್ರಚಾರ ಡಿಸೆಂಬರಿಗೆ ಮುಗಿಯುವುದಿಲ್ಲ. ಅದರ ಬೆನ್ನಿಗೇ ‘ಕುವೆಸ್ತಾ ದೆ ಎನೇರೊ’, ಅಂದರೆ ‘ಜನವರಿಯ ಏರು’. ಹಬ್ಬಕ್ಕೆ ಖರ್ಚು ಮಾಡಿ ಕೈ ಖಾಲಿಯಾದ ಹೊತ್ತು. ಮೆಕ್ಸಿಕೋದಲ್ಲಿ 2011ರಿಂದ ನವೆಂಬರಿನಲ್ಲಿ ‘ಎಲ್ ಬುವೆನ್ ಫಿನ್’ ಮಾರಾಟ ನಡೆಯುತ್ತದೆ. ಆ ‘ಫಿನ್’ ವಾರಾಂತ್ಯದ ಫಿನ್. ‘ಗುಡ್ ಎಂಡ್’ ಎಂದರೆ ಅಂತ್ಯಕ್ರಿಯೆಯಂತೆ ಕೇಳುತ್ತದೆ. ಹೆಸರನ್ನು ಹಾಗೇ ಇಟ್ಟು, ಮೆಕ್ಸಿಕೋದ ವಾರಾಂತ್ಯದ ಮಹಾ ಮಾರಾಟ ಎಂದು ನಾಲ್ಕು ಪದ ಸೇರಿಸಿ.

ಸಂಕ್ಷೇಪದಲ್ಲಿ ಅಕ್ಷರ ಜೋಡಿಯಾಗಿ ಬಂದರೆ ಬಹುವಚನ ಎಂದರ್ಥ. ‘ಆರ್‌ಆರ್ ಪಿಪಿ’ ಎಂದರೆ ಪಿಆರ್ (ಸಾರ್ವಜನಿಕ ಸಂಪರ್ಕ), ‘ಆರ್‌ಆರ್ ಎಸ್‌ಎಸ್’ ಎಂದರೆ ಸೋಷಿಯಲ್ ಮೀಡಿಯಾ. ‘ಪಿಎಲ್‌ವಿ’ ಅಂಗಡಿಯೊಳಗಿನ ಜಾಹೀರಾತು ಸಾಮಗ್ರಿ. ಸ್ಪೇನಿನ ‘ದಾಫೊ’ ಮತ್ತು ಲ್ಯಾಟಿನ್ ಅಮೆರಿಕದ ‘ಫೋದಾ’ ಎರಡೂ ನಮ್ಮ ಸ್ವಾಟ್ ವಿಶ್ಲೇಷಣೆ, ಅಂದರೆ ಕಂಪನಿಯ ಬಲ, ದೌರ್ಬಲ್ಯ, ಅವಕಾಶ, ಅಪಾಯಗಳನ್ನು ನಾಲ್ಕು ಮನೆಯ ಕೋಷ್ಟಕದಲ್ಲಿ ತೂಗುವುದು. ದಾಫೊದಲ್ಲಿ ದೌರ್ಬಲ್ಯ ಮೊದಲು ಬರುತ್ತದೆ, ಸ್ವಾಟ್‌ನಲ್ಲಿ ಬಲ ಮೊದಲು. ಶೀರ್ಷಿಕೆ ಮಾತ್ರ ಬದಲಿಸಿ ಕೋಷ್ಟಕದ ಮನೆಗಳನ್ನು ಹಾಗೇ ಬಿಟ್ಟರೆ ಹೆಸರಿಗೂ ಕ್ರಮಕ್ಕೂ ತಾಳ ತಪ್ಪುತ್ತದೆ.

8. ಹೆಸರು ಮತ್ತು ಘೋಷವಾಕ್ಯ

ಹೆಸರು ಮುಟ್ಟಬೇಡಿ. ‘ಎಲ್ ಕೊರ್ತೆ ಇಂಗ್ಲೇಸ್’ ಎಂಬ ಸ್ಪೇನಿನ ದೊಡ್ಡ ಅಂಗಡಿಯ ಹೆಸರಿಗೆ ‘ಇಂಗ್ಲಿಷ್ ಕಟ್’ ಎಂದು ಅರ್ಥವಿದೆ, ಯಾರೂ ಅನುವಾದಿಸುವುದಿಲ್ಲ. ಮೆಕ್ಸಿಕೋದ ಬ್ರೆಡ್ ಕಂಪನಿ ‘ಬಿಂಬೊ’ ಹೆಸರು ಇಂಗ್ಲಿಷ್ ಕಿವಿಗೆ ಮುಜುಗರ, ಅಲ್ಲಿ ಅದು ಚೆಲುವಿದ್ದೂ ಬುದ್ಧಿಯಿಲ್ಲದವಳು ಎಂಬ ಬೈಗುಳ. ಆದರೂ ಅಮೆರಿಕದಲ್ಲಿ ಅದೇ ಹೆಸರಿನಲ್ಲಿ ವ್ಯಾಪಾರ ನಡೆಯುತ್ತಿದೆ. ಸ್ಪೇನಿನಲ್ಲಿ ‘ಪಾನ್ ಬಿಂಬೊ’ ಎಂದರೆ ಎಷ್ಟೋ ಸಲ ಯಾವುದೇ ಕಂಪನಿಯ ಹೋಳು ಬ್ರೆಡ್. ಆಗ ‘ಸ್ಲೈಸ್ಡ್ ಬ್ರೆಡ್’.

ಹೆಸರಿನ ಮಾತು ಬಂದಾಗ ಶೆವ್ರೊಲೆ ನೋವಾ ಕಥೆ ಹೇಳಲು ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ. ಸ್ಪ್ಯಾನಿಷಿನಲ್ಲಿ ‘ನೊ ವಾ’ ಎಂದರೆ ‘ಓಡಲ್ಲ’, ಅದಕ್ಕೇ ಆ ಕಾರು ಅಲ್ಲಿ ಮಾರಾಟವಾಗಲಿಲ್ಲ ಎಂದು. ಕಥೆ ಸುಳ್ಳು. ಕಾರು ಮೆಕ್ಸಿಕೋ, ವೆನೆಜುವೆಲಾಗಳಲ್ಲಿ ಮಾರಾಟವಾಗಿತ್ತು. ಮೆಕ್ಸಿಕೋದ ಸರ್ಕಾರಿ ತೈಲ ಕಂಪನಿ ನೋವಾ ಹೆಸರಿನ ಪೆಟ್ರೋಲನ್ನೇ ಮಾರುತ್ತಿತ್ತು. ಗಿರಾಕಿಯ ಎದುರು ಈ ಕಥೆ ಹೇಳಬೇಡಿ.

ಘೋಷವಾಕ್ಯಕ್ಕೆ ಒಂದೇ ಉತ್ತರ ಕೊಡಬೇಡಿ, ಮೂರು ಕೊಡಿ. ಪ್ರತಿಯೊಂದರ ಪಕ್ಕ ಅದರ ಅಕ್ಷರಾರ್ಥ ಮತ್ತು ಆರಿಸಿದ ಕಾರಣ ಒಂದೊಂದು ಸಾಲು ಇರಲಿ. ಒಂದು ಬೇಕರಿಯ ಸಾಲು ‘ತು ಪಾನ್ ದೆ ಕಾದಾ ದಿಯಾ’ ಎಂದಿಟ್ಟುಕೊಳ್ಳಿ. ‘ನಿನ್ನ ದಿನದಿನದ ಬ್ರೆಡ್’. ಇದರೊಳಗೆ ಕ್ರೈಸ್ತ ಪ್ರಾರ್ಥನೆಯ ಸಾಲಿನ ನೆನಪಿದೆ. ‘ದಿನಾ ಇದ್ದದ್ದೇ’ ಎಂಬ ನುಡಿಗಟ್ಟಿನ ನೆರಳೂ ಇದೆ. ಇಂಗ್ಲಿಷಿನ ‘ಡೈಲಿ ಬ್ರೆಡ್’ನಲ್ಲಿ ಪ್ರಾರ್ಥನೆ ಉಳಿಯುತ್ತದೆ, ನುಡಿಗಟ್ಟು ಹೋಗುತ್ತದೆ. ಹೋದದ್ದು ಯಾವುದು ಎಂದು ಗಿರಾಕಿಗೆ ಬರೆದು ತಿಳಿಸುವುದು ನಿಮ್ಮ ಕೆಲಸ. ಯಾವುದನ್ನು ಬಿಡಬೇಕು ಎಂದು ಆರಿಸುವುದು ಅವರ ಕೆಲಸ.

ಇನ್ನೊಂದು ಮಾತು. ಸ್ಪ್ಯಾನಿಷಿನಲ್ಲಿ ‘ತು’ ಎಂದರೆ ನೀನು, ‘ಉಸ್ತೆದ್’ ಎಂದರೆ ನೀವು, ಅರ್ಜೆಂಟೀನಾದ ಸಲಿಗೆಯ ನೀನು ‘ವೊಸ್’. ಇಂಗ್ಲಿಷಿನಲ್ಲಿ ಇರುವುದು ಒಂದೇ ‘ಯೂ’. ನೀನು-ನೀವು ಬಲ್ಲ ನಮಗೆ ಈ ವ್ಯತ್ಯಾಸ ತಟ್ಟನೆ ಹೊಳೆಯುತ್ತದೆ. ಸಲಿಗೆಯನ್ನು ಸಣ್ಣ ವಾಕ್ಯದಲ್ಲಿ, ಮಾತಿನ ಪದಗಳಲ್ಲಿ ತೋರಿಸಿ. ‘ದೆಸ್ಕೂಬ್ರೆ’, ‘ದಿಸ್ಫ್ರೂತಾ’ ಎಂದು ಪ್ರತಿ ಸಾಲೂ ಶುರುವಾಗಿದ್ದರೆ ಪ್ರತಿ ಸಲವೂ ಡಿಸ್ಕವರ್, ಎಂಜಾಯ್ ಎನ್ನಬೇಡಿ. ಇಂಗ್ಲಿಷಿನಲ್ಲಿ ಬೇಗ ಹಳಸುತ್ತದೆ.

9. ಕಳಿಸುವ ಮುಂಚೆ

ಮೂಲವನ್ನು ಮುಚ್ಚಿ, ಇಂಗ್ಲಿಷನ್ನು ಮಾತ್ರ ಜೋರಾಗಿ ಓದಿ. ಆಮೇಲೆ ಮೂಲ ತೆರೆದು ಸಂಖ್ಯೆಗಳನ್ನು ಮಾತ್ರ ಒಂದೊಂದಾಗಿ ಹೋಲಿಸಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ಎರಡೂ ಅರ್ಧಂಬರ್ಧ ಆಗುತ್ತದೆ. ಖಾತ್ರಿಯಿಲ್ಲದ ಪದಗಳನ್ನು ಬೇರೆ ಹಾಳೆಯಲ್ಲಿ ಪುಟಸಂಖ್ಯೆ ಸಹಿತ ಬರೆದು ಫೈಲಿನ ಜೊತೆಗೇ ಕಳಿಸಿ. ಪ್ರಶ್ನೆ ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದು ಹೊಸಬರು ಹೆದರುತ್ತಾರೆ. ನನಗೆ ಆಗಿರುವ ಅನುಭವ ಇದಕ್ಕೆ ಉಲ್ಟಾ.

ಕೊನೆಗೆ ಹುಡುಕು ಪೆಟ್ಟಿಗೆ ತೆರೆದು ಈ ನಾಲ್ಕನ್ನು ಹುಡುಕಿ: ತಲೆಕೆಳಗಾದ ಪ್ರಶ್ನೆ ಮತ್ತು ಉದ್ಗಾರ ಚಿಹ್ನೆ, ಸಂಖ್ಯೆಯ ನಂತರ ಬಂದಿರುವ ಯೂರೋ ಗುರುತು, ಶೇಕಡಾ ಚಿಹ್ನೆಯ ಮುಂಚಿನ ಖಾಲಿ ಜಾಗ, ಸಣ್ಣಕ್ಷರದಲ್ಲಿ ಶುರುವಾಗುವ ತಿಂಗಳ ಹೆಸರು. ನಾಲ್ಕೂ ಸ್ಪ್ಯಾನಿಷಿನಲ್ಲಿ ಸರಿ, ಇಂಗ್ಲಿಷಿನಲ್ಲಿ ತಪ್ಪು. ಒಂದಾದರೂ ಸಿಕ್ಕೇ ಸಿಗುತ್ತದೆ.